ತಲಾಖ್ ವಿಷಯಕ್ಕೆ ವಕೀಲರನ್ನು ಹುಡುಕುವ ಮುನ್ನ

ಮಗಳಿಗೆ ಗಂಡು ನೋಡುವಾಗ ನಾವು ಹತ್ತು ಮನೆ ವಿಚಾರಿಸುತ್ತೇವೆ. ಅದೇ ಸಂಬಂಧ ಮುರಿಯುವಾಗ ಮಾತ್ರ ಯಾರೋ ಹೇಳಿದ ವಕೀಲರನ್ನು ಒಂದೇ ಮಾತಿಗೆ ಒಪ್ಪಿಬಿಡುತ್ತೇವೆ. ಕೆಲವೆಡೆ ಗಂಡಿನ ಕಡೆಯವರು ಕರೆತಂದ ವಕೀಲರ ಮುಂದೆಯೇ ಹೆಣ್ಣುಮಗಳು ಛಾಪಾ ಕಾಗದಕ್ಕೆ ಸಹಿ ಹಾಕುವುದೂ ಉಂಟು. ಇದು ನಿಲ್ಲಬೇಕು. ಹೆಣ್ಣಿಗೆ ಅವಳದೇ ವಕೀಲರು ಇರಬೇಕು.

ರಾಜಿ ಸಾಧ್ಯವೇ ಅಂತ ಮೊದಲು ನೋಡಬೇಕು. ಸೂರಃ ನಿಸಾದ 35ನೇ ಆಯತ್ ಎರಡೂ ಕುಟುಂಬದಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಲು ಹೇಳುತ್ತದೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯೂ ಮೊದಲು ಒಪ್ಪಂದಕ್ಕೆ ಪ್ರಯತ್ನಿಸಲು ಹೇಳುತ್ತದೆ. ಆದ್ದರಿಂದ ಮೊದಲ ದಿನವೇ "ನಾಲ್ಕು ಕೇಸು ಜಡಿಯೋಣ" ಅನ್ನುವ ವಕೀಲರಿಂದ ದೂರ ಇರಿ. ಹಾಗಂತ ಹೊಡೆತ ತಿಂದು ಬಂದವಳಿಗೆ "ಸಬ್ರ್ ಮಾಡಮ್ಮ" ಅಂತ ವಾಪಸ್ ಕಳಿಸುವವರೂ ಬೇಡ.

ವಕೀಲರಿಗೆ ನಮ್ಮ ಕಾನೂನು ಗೊತ್ತಿದೆಯೇ ಅಂತ ತಿಳಿಯುವುದು ಕಷ್ಟವಲ್ಲ. ಖುಲಾ, ಮುಬಾರಾತ್, ಫಸ್ಖ್ ಇವುಗಳ ವ್ಯತ್ಯಾಸ ಕೇಳಿ. 1939ರ ಕಾಯ್ದೆಯ ಪ್ರಕಾರ ಗಂಡ ಎರಡು ವರ್ಷ ಜೀವನಾಂಶ ಕೊಡದಿದ್ದರೆ, ನಾಲ್ಕು ವರ್ಷ ಅವನ ಸುಳಿವೇ ಇಲ್ಲದಿದ್ದರೆ ಹೆಂಡತಿ ಕೋರ್ಟಿನಿಂದ ವಿಚ್ಛೇದನ ಪಡೆಯಬಹುದು. 2019ರ ಕಾಯ್ದೆಯಂತೆ ಒಂದೇ ಸಲಕ್ಕೆ ಹೇಳಿದ ಮೂರು ತಲಾಖ್, ವಾಟ್ಸಾಪ್‌ನಲ್ಲಿ ಕಳಿಸಿದ್ದಾದರೂ, ಕಾನೂನಿನಲ್ಲಿ ಚಲಾವಣೆಯಾಗದು. ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು.

"ಇದ್ದತ್ ಮುಗಿದ ಮೇಲೆ ಏನೂ ಸಿಗಲ್ಲ" ಅಂತ ಯಾರಾದರೂ ವಕೀಲರು ಹೇಳಿದರೆ ಎದ್ದು ಬನ್ನಿ. ಇದ್ದತ್ತಿನೊಳಗೇ ಮುಂದಿನ ಜೀವನಕ್ಕೂ ಸಾಕಾಗುವ ಏರ್ಪಾಡು ಮಾಡಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಜೀವನಾಂಶ ಕೇಳುವ ಹಕ್ಕಿದೆ ಎಂದು 2024ರ ಜುಲೈ 10ರಂದು ಮತ್ತೆ ಸ್ಪಷ್ಟಪಡಿಸಿದೆ. ಬೆಂಗಳೂರಿನ ಒಬ್ಬರು 1991ರಲ್ಲಿ ಐದು ಸಾವಿರ ಮಹರ್ ಕೊಟ್ಟು ತಲಾಖ್ ಹೇಳಿ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದರು. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ನಿಕಾಹ್ ಕರಾರೇ ಹೌದು, ಆದರೆ ಅದು ಮುರಿದ ಮೇಲೂ ಹೊಣೆ ಉಳಿಯುತ್ತದೆ ಎಂದಿತು.

ಗಂಡ ಮಂಗಳೂರಲ್ಲಿರಲಿ, ಗಲ್ಫ್‌ನಲ್ಲಿರಲಿ, ಜೀವನಾಂಶದ ಅರ್ಜಿಯನ್ನು ಹೆಂಡತಿ ತಾನು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು. ಸಿ.ಎಸ್. ಪುರದ ತವರಿನಲ್ಲಿರುವವಳು ಮಂಗಳೂರಿಗೆ ಅಲೆಯಬೇಕಿಲ್ಲ. ಇಬ್ಬರೂ ಆದಾಯ, ಆಸ್ತಿಯ ವಿವರದ ಅಫಿಡವಿಟ್ ಕೊಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಕೇಳಿಸುವ ವಕೀಲರೇ ಬೇಕು. ನಿಕಾಹ್‌ನಾಮೆ, ಚಿನ್ನದ ರಸೀದಿ, ಮಕ್ಕಳ ಫೀಸಿನ ಚೀಟಿ ಎಲ್ಲದರ ನಕಲು ನಿಮ್ಮ ಹತ್ತಿರವೂ ಇರಲಿ.

ಫೀಸು ಎಷ್ಟು, ಯಾವ ಹಂತಕ್ಕೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. "ಬಂದ ದುಡ್ಡಲ್ಲಿ ಇಷ್ಟು ಪಾಲು" ಅಂತ ಮಾತಾಡಿಕೊಳ್ಳುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ದುಡ್ಡಿಲ್ಲ ಅಂತ ಸುಮ್ಮನೆ ಕೂರಬೇಡಿ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಗುಬ್ಬಿ, ಕುಣಿಗಲ್‌ನವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ, ತುಮಕೂರಿನವರು ಜಿಲ್ಲಾ ಪ್ರಾಧಿಕಾರದಲ್ಲಿ ಕೇಳಿ. ಸಹಾಯವಾಣಿ 15100.

ಜಮಾಅತ್‌ನವರಿಗೆ, ನಮ್ಮಂಥ ಉಸ್ತಾದರಿಗೆ ಒಂದು ಮಾತು. ಮಸ್‌ಅಲ ಹೇಳುವುದು, ರಾಜಿಗೆ ಕೂರಿಸುವುದು ನಮ್ಮ ಕೆಲಸ. ಕೋರ್ಟಿನ ಕಾಗದ ಬರೆಯುವುದು ನಮ್ಮ ಕೆಲಸವಲ್ಲ. ಹೆಣ್ಣುಮಗಳು ಪೂರ್ತಿ ಓದದ, ಓದಿಸಿ ಕೇಳದ ಯಾವ ಕಾಗದಕ್ಕೂ ನಾವು ಸಾಕ್ಷಿ ಸಹಿ ಹಾಕಬಾರದು. ವಕೀಲರ ಹತ್ತಿರ ಹೋಗುವಾಗ ಅಪ್ಪ, ಅಣ್ಣ ಮಾತ್ರ ಹೋಗಿ ಮಾತು ಮುಗಿಸಿ ಬರುವುದೂ ಬೇಡ. ಬದುಕು ಅವಳದು, ಅವಳೂ ಕೂತು ಕೇಳಲಿ.