ಅವ್ವ ಕೊಟ್ಟ ಹಳೇ ಸರ್ಟಿಫಿಕೇಟು

ಮೊನ್ನೆ ರಜೆಗೆ ಲೋಂಡಾಕ್ಕೆ ಹೋಗಿದ್ದೆ. ಅವ್ವ ಹಳೇ ಟ್ರಂಕು ಖಾಲಿ ಮಾಡ್ತಾ ನನ್ನ ಕೈಗೊಂದು ಸರ್ಟಿಫಿಕೇಟು ಕೊಟ್ಟಳು. ಹೈಸ್ಕೂಲಿನಲ್ಲಿದ್ದಾಗ ಜನವರಿ 12ರ ವಿವೇಕಾನಂದ ಜಯಂತಿಯ ಭಾಷಣಕ್ಕೆ ಸಿಕ್ಕಿದ್ದು, ಮೊದಲ ಬಹುಮಾನ!

"ಡಾಕ್ಟರ್ ಆಗಿ ಇಲ್ಲೇ ಅಡವಿ ಊರಾಗಿನ ಮಂದೀನ ನೋಡ್ತೀನಿ ಅಂದಿದ್ದೆಲ್ಲೋ, ನೆನಪೈತೇನು?" ಅಂದಳು. ಅವಳೇನೋ ನಕ್ಕಳು. ನನಗೆ ನಗು ಬರಲಿಲ್ಲ.

ಮೆಡಿಕಲ್ ಸೀಟು ಸಿಗಲಿಲ್ಲ, ಇಂಜಿನಿಯರಿಂಗ್ ಸಿಕ್ಕಿತು, ಬೆಂಗಳೂರು ಸೇರಿದೆ. ಅಲ್ಲಿಗೆ ಆ ಕನಸಿನ ಕಥೆ ಮುಗೀತು ಅಂದುಕೊಂಡಿದ್ದೆ.

ನನ್ನ ಆ ಭಾಷಣ ಶುರುವಾಗ್ತಿದ್ದದ್ದೇ ನಮ್ಮೂರಿನಿಂದ. 1892ರ ಅಕ್ಟೋಬರಿನಲ್ಲಿ ಸ್ವಾಮೀಜಿ ಬೆಳಗಾವಿಗೆ ಬಂದಿದ್ದರು. ಮೊದಲು ಭಾಟೆಯವರ ಮನೆ, ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆ. ಅಲ್ಲಿಂದ ಮರ್ಮಗೋವಾದ ಕಡೆ ರೈಲು ಹತ್ತಿದರು. ಆ ರೈಲು ಹೋಗೋದೇ ಲೋಂಡಾ ಮೇಲೆ! ಆಗ ಅವರಿಗೆ 29 ವರ್ಷ, ಹೆಚ್ಚುಕಮ್ಮಿ ನನ್ನ ವಯಸ್ಸು. ಚಿಕಾಗೋ ಭಾಷಣ ಇನ್ನೂ ಮುಂದಿನ ವರ್ಷದ ಮಾತು. ಇದನ್ನೆಲ್ಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ.

ಚಪ್ಪಾಳೆಗೇ ನಿಲ್ಲದವರೂ ಇದ್ದಾರೆ. ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ವಿವೇಕಾನಂದರನ್ನು ಓದಿ, ಗೆಳೆಯರ ಜೊತೆ 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದರು. ಆಗ ಅವರಿಗೆ 19 ವರ್ಷ. ಶುರುವಿನಲ್ಲಿ ಮಾಡಿದ್ದೇನು ಗೊತ್ತಾ? ಡಾಕ್ಟರುಗಳಿಗೆ ಬರೋ ಸ್ಯಾಂಪಲ್ ಔಷಧ ಕೂಡಿಸಿ ಬಡ ರೋಗಿಗಳಿಗೆ ಕೊಡೋದು, ರಕ್ತದಾನ ಮಾಡಿಸೋದು. ಅಷ್ಟೇ. ಹೆಗ್ಗಡದೇವನಕೋಟೆ ತಾಲೂಕಿನ ಬ್ರಹ್ಮಗಿರಿಯಲ್ಲಿ ಕಾಡಿನ ಜನರಿಗಾಗಿ ಕ್ಲಿನಿಕ್ ತೆರೆದದ್ದು 1987ರಲ್ಲಿ. ಆಸ್ಪತ್ರೆ, ಶಾಲೆ ಎಲ್ಲ ಅದರ ಬೆನ್ನಿಗೆ ಬಂದವು.

ಇಲ್ಲೇ ನಾನು ಎಡವಿದ್ದು ಅನ್ಸುತ್ತೆ. ದೊಡ್ಡವರನ್ನು ಮೆಚ್ಚಿಕೊಂಡಾಗ ನಾವು ಅವರ ಎತ್ತರವನ್ನಷ್ಟೇ ನೋಡ್ತೀವಿ. ಅಷ್ಟೇ ಎತ್ತರದ ಕನಸು ಕಟ್ತೀವಿ. ಅದು ಕೈಗೆ ಸಿಗದಿದ್ರೆ ಕನಸನ್ನೇ ಬಿಟ್ಟುಬಿಡ್ತೀವಿ, ಸೀಟು ಸಿಗಲಿಲ್ಲ ಅನ್ನೋ ನೆಪವಂತೂ ಇದ್ದೇ ಇರುತ್ತೆ. ನಾಯಕ ಅನ್ನೋನು ತನ್ನನ್ನೇ ನೋಡು ಅನ್ನಲ್ಲ, ಪಕ್ಕದವನ ಕಡೆ ನೋಡು ಅಂತಾನೆ. ನಾವೋ, ಫೋಟೋಕ್ಕೆ ಹಾರ ಹಾಕಿ ಅವರನ್ನೇ ನೋಡ್ತಾ ಕೂತಿದ್ದೀವಿ.

ಪಕ್ಕದಲ್ಲಿ ನೋಡೋಕೆ ನಮ್ಮಲ್ಲೇನು ಕಮ್ಮಿನಾ? ನಮ್ಮ ಖಾನಾಪುರ ತಾಲೂಕಿನ ಭೀಮಗಡ ಕಾಡಿನೊಳಗೆ ಆಮಗಾಂವ್ ಇದೆ. 2024ರ ಮಳೆಗಾಲದಲ್ಲಿ ಅಲ್ಲಿ ಹುಷಾರಿಲ್ಲದ ಹೆಣ್ಣುಮಗಳೊಬ್ಬಳನ್ನು ಊರವರು ಹೆಗಲ ಮೇಲೆ ಹೊತ್ತು ಕಾಡು ದಾಟಿಸಿದರು. ನಾನು ಆ ಸುದ್ದಿಯನ್ನು ಬೆಂಗಳೂರಿನ ಆಫೀಸಲ್ಲಿ ಕೂತು ಮೊಬೈಲಿನಲ್ಲಿ ನೋಡಿ, ಛೇ ಅಂದು, ಟೀ ಕುಡಿಯೋಕೆ ಎದ್ದು ಹೋಗಿದ್ದೆ. ಭಾಷಣದಲ್ಲಿ ನಾನು ಮಾತು ಕೊಟ್ಟಿದ್ದು ಅಂಥ ಊರುಗಳಿಗೇ.

ಆ ದಾರಿ ಸರಿಮಾಡೋದು ನನ್ನ ಕೈಲಾಗಲ್ಲ. ಆದರೆ ನಮ್ಮ ಕಡೆ ರೋಗಿ ಗಂಭೀರವಾದ್ರೆ ಬೆಳಗಾವಿಗೇ ಓಡಬೇಕು, ಅಲ್ಲಿ ರಕ್ತ ಬೇಕು ಅಂದ್ರೆ ಗುರುತಿನವರು ಇರಲ್ಲ. ಅದಕ್ಕೇ ಬೆಳಗಾವಿಯಲ್ಲಿರೋ ನನ್ನ ಕ್ಲಾಸ್‌ಮೇಟುಗಳ ರಕ್ತದ ಗುಂಪು, ಫೋನ್ ನಂಬರು ಅವರನ್ನೇ ಕೇಳಿ ಬರೆದಿಡ್ತಾ ಇದ್ದೀನಿ. ಎರಡು ವಾರದಲ್ಲಿ 23 ಹೆಸರಾಗಿವೆ. ಸಾಫ್ಟ್‌ವೇರ್ ಗೀಫ್ಟ್‌ವೇರ್ ಏನಿಲ್ಲ, ಬರೀ ಒಂದು ಎಕ್ಸೆಲ್ ಶೀಟು. ಅವ್ವನಿಗೆ ತೋರಿಸಿದೆ. "ಇಷ್ಟರ ಆತಲ್ಲ" ಅಂದಳು.

ನಿಮ್ಮನೆ ಟ್ರಂಕಿನಲ್ಲೂ ಇಂಥದ್ದೊಂದು ಸರ್ಟಿಫಿಕೇಟು ಇರಬಹುದು. ಒಮ್ಮೆ ತೆಗೆದು ನೋಡ್ತೀರಾ?