ಹೆಡ್‌ಫೋನಿಗೆ ಆಂಪ್ಲಿಫೈಯರ್ ಬೇಕಾ? ಮೊದಲು ಲೆಕ್ಕ ಹಾಕೋಣ

ಫೋನಿಗೂ ಹೆಡ್‌ಫೋನಿಗೂ ನಡುವೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಆಂಪ್ಲಿಫೈಯರ್ ಒಂದನ್ನು ಸಿಕ್ಕಿಸಿದರೆ ‘ಸೌಂಡೇ ಬೇರೆ ಬರ್ತದೆ’ ಎಂಬ ಮಾತು ಈಗ ನಮ್ಮ ಸ್ಟಾಫ್‌ರೂಮುಗಳಲ್ಲೂ ಕೇಳಿಬರುತ್ತಿದೆ. ಪಾಠದ ಆಡಿಯೋ ಕೇಳಿಸಲು ಶಾಲೆಗೂ ಒಂದು ತರಿಸೋಣ ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೇನೆ. ಸಾಧಾರಣ ಫೋನು, ಸಾಧಾರಣ ಇಯರ್‌ಫೋನು ಇದ್ದಲ್ಲಿ ಇದರಿಂದ ಧ್ವನಿಯ ಗುಣ ಏರುವುದಿಲ್ಲ, ಏರುವುದು ವಾಲ್ಯೂಮ್ ಮಾತ್ರ. ಅದು ಮಕ್ಕಳ ಕಿವಿಗೆ ಒಳ್ಳೆಯದಲ್ಲ. ಆಂಪ್ಲಿಫೈಯರ್ ನಿಜವಾಗಿ ಬೇಕಾಗುವ ಸಂದರ್ಭಗಳೂ ಇವೆ. ಯಾವಾಗ ಬೇಕು, ಯಾವಾಗ ಬೇಡ ಎಂದು ತಿಳಿಯಲು ಜಾಹೀರಾತು ಓದಬೇಕಿಲ್ಲ, ಹೈಸ್ಕೂಲಿನಲ್ಲಿ ನಾವೇ ಕಲಿಸುವ ಓಮನ ನಿಯಮ ಸಾಕು. 1827ರಲ್ಲಿ ಅದನ್ನು ಪ್ರಕಟಿಸಿದ ಜಾರ್ಜ್ ಸೈಮನ್ ಓಮ್ ಕೂಡ ಶಾಲಾ ಮಾಸ್ತರರಾಗಿದ್ದವರೇ.

ಲೆಕ್ಕ ನೋಡಿ. ಸಾಮಾನ್ಯ ಹೆಡ್‌ಫೋನಿನ ರೋಧ (ಪೊಟ್ಟಣದ ಮೇಲೆ ‘ಇಂಪಿಡೆನ್ಸ್’ ಎಂದು ಬರೆದಿರುತ್ತದೆ) 32 ಓಮ್ ಎಂದಿಟ್ಟುಕೊಳ್ಳಿ. 1 ಮಿಲಿವಾಟ್ ಕೊಟ್ಟರೆ ಅದು 100 ಡೆಸಿಬೆಲ್ ಸದ್ದು ಮಾಡುತ್ತದೆ ಎಂದೂ ಇಟ್ಟುಕೊಳ್ಳೋಣ. ಫೋನು ಹೆಚ್ಚೆಂದರೆ 1 ವೋಲ್ಟ್ ಕೊಡುತ್ತದೆ ಎಂದರೆ, ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದಾಗ ಸಿಗುವ ಪವರ್ ಸುಮಾರು 31 ಮಿಲಿವಾಟ್. ಪವರ್ ಹತ್ತು ಪಟ್ಟಾದರೆ 10 ಡೆಸಿಬೆಲ್, ಎರಡು ಪಟ್ಟಾದರೆ 3 ಡೆಸಿಬೆಲ್ ಏರುತ್ತದೆ. ಹಾಗಾಗಿ 31 ಮಿಲಿವಾಟಿಗೆ ಸದ್ದು 115 ಡೆಸಿಬೆಲ್ ಆಗುತ್ತದೆ! ಪಾಠ ಕೇಳಲು 75 ಡೆಸಿಬೆಲ್ ಧಾರಾಳ ಸಾಕು. ಅದಕ್ಕೆ ಬೇಕಾದ ಪವರ್ ಬರೇ 3 ಮೈಕ್ರೋವಾಟ್. ಸಂಗೀತದಲ್ಲಿ ನಡುನಡುವೆ 20 ಡೆಸಿಬೆಲ್‌ನಷ್ಟು ಮೇಲೇಳುವ ಸದ್ದಿಗೂ 0.3 ಮಿಲಿವಾಟ್ ಸಾಕು. ಅಂದರೆ ಬೇಕಾದ್ದಕ್ಕಿಂತ ನೂರು ಪಟ್ಟು ಪವರ್ ಫೋನಿನಲ್ಲೇ ಇದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದು ಪ್ರಯೋಜನ ಏನು?

ಇನ್ನು ಬ್ಲೂಟೂತ್ ಹೆಡ್‌ಫೋನಾದರೆ ಆಂಪ್ಲಿಫೈಯರ್ ಅದರೊಳಗೇ ಇದೆ. ಇಯರ್‌ಫೋನ್ ತೂತು ಇಲ್ಲದ ಫೋನಿಗೆ ಹಾಕುವ ಯುಎಸ್‌ಬಿ-ಸಿ ತುಂಡಿನೊಳಗೂ ಸಾಮಾನ್ಯವಾಗಿ ಚಿಕ್ಕದೊಂದು ಇರುತ್ತದೆ.

ಹಾಗಾದರೆ ಎಲ್ಲಿ ಬೇಕು? ಒಂದು, ಸ್ಟುಡಿಯೋಗಳಲ್ಲಿ ಬಳಸುವ 300 ಅಥವಾ 600 ಓಮ್ ಹೆಡ್‌ಫೋನುಗಳಿಗೆ. 1 ವೋಲ್ಟಿಗೆ 300 ಓಮ್‌ನಲ್ಲಿ ಸಿಗುವುದು 3.3 ಮಿಲಿವಾಟ್ ಮಾತ್ರ. ಅರ್ಧ ವೋಲ್ಟನ್ನಷ್ಟೇ ಕೊಡುವ ಫೋನಾದರೆ 0.8. ಅಲ್ಲಿ ಏರು ಸದ್ದುಗಳು ಒಡೆದು ಕೇಳಬಹುದು. ಎರಡು, ನಮ್ಮ ತರಗತಿಗೇ ಸಂಬಂಧಿಸಿದ್ದು. ಒಂದು ಫೋನಿಗೆ ಕವಲು ವಯರ್ ಹಾಕಿ ಐದು ಹೆಡ್‌ಫೋನ್ ಜೋಡಿಸಿದರೆ ಐದು 32 ಓಮ್ ರೋಧಗಳು ಸಮಾಂತರವಾಗಿ ಸೇರಿ 6.4 ಓಮ್ ಆಗುತ್ತವೆ. ಫೋನಿನ ಒಳರೋಧ 5 ಓಮ್ ಇದ್ದರೆ ವೋಲ್ಟೇಜಿನ ಅರ್ಧಕ್ಕೆ ಹತ್ತಿರದಷ್ಟು ಫೋನಿನೊಳಗೇ ಕಳೆದುಹೋಗುತ್ತದೆ. ಇಲ್ಲಿ ಐದು ತೂತು, ಐದು ಬೇರೆ ಬೇರೆ ವಾಲ್ಯೂಮ್ ತಿರುಗಣೆ ಇರುವ ಆಂಪ್ಲಿಫೈಯರ್ ಖಂಡಿತ ಉಪಕಾರಕ್ಕೆ ಬರುತ್ತದೆ. ಇದಕ್ಕೆ ದುಡ್ಡು ಖರ್ಚು ಮಾಡಿದರೆ ನನ್ನ ತಕರಾರಿಲ್ಲ.

‘ಲೆಕ್ಕ ಏನೇ ಹೇಳಲಿ ಮಾಸ್ತರೇ, ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗ್ತದೆ’ ಎಂದು ಹೇಳುವವರು ಸುಳ್ಳು ಹೇಳುವುದಲ್ಲ. ಒಂದು ಡೆಸಿಬೆಲ್‌ನಷ್ಟು ಜೋರಾದರೂ ನಮಗೆ ಅದು ಜೋರು ಅನ್ನಿಸುವ ಬದಲು ‘ಸ್ಪಷ್ಟ’ ಅನ್ನಿಸಬಹುದು. ಆದ್ದರಿಂದ ಹೋಲಿಸುವ ಮುಂಚೆ ಎರಡೂ ಕಡೆ ವೋಲ್ಟೇಜ್ ಸಮ ಮಾಡಬೇಕು. ಇದನ್ನು ವಿಜ್ಞಾನ ಕ್ಲಬ್ಬಿನಲ್ಲಿ ಮಾಡಿಸಬಹುದು. 200 ಹರ್ಟ್ಸ್ ಸ್ವರ ಹಾಕಿ, ಸಣ್ಣ ಎಸಿ ವೋಲ್ಟೇಜ್ ಅಳೆಯಬಲ್ಲ ಮಲ್ಟಿಮೀಟರಿನಿಂದ ಹೆಡ್‌ಫೋನ್ ಜೋಡಿಸಿದ ಸ್ಥಿತಿಯಲ್ಲೇ ಸಮ ಮಾಡಿ. ಆಮೇಲೆ ಕೇಳುವವರಿಗೆ ಕಾಣದ ಹಾಗೆ, ನಾಣ್ಯ ಚಿಮ್ಮಿ ಬಂದ ಪ್ರಕಾರ ಬದಲಿಸುತ್ತಾ ಹತ್ತು ಸಲ ಕೇಳಿಸಿ. ಬರೇ ಊಹೆಯಿಂದ ಹತ್ತರಲ್ಲಿ ಒಂಬತ್ತು ಅಥವಾ ಹತ್ತು ಸರಿಯಾಗುವ ಸಾಧ್ಯತೆ 1024ರಲ್ಲಿ 11. ಅಷ್ಟು ಸರಿ ಹೇಳಿದರೆ ವ್ಯತ್ಯಾಸ ಇದೆ ಎಂದು ಒಪ್ಪೋಣ. ಐದಾರು ಸರಿಯಾದರೆ ಅದು ನಾಣ್ಯದ ಲೆಕ್ಕವೇ. ವಿದ್ಯುತ್ತು, ಶಬ್ದ, ಸಂಭವನೀಯತೆ, ಮೂರು ಪಾಠ ಒಟ್ಟಿಗೆ ಆಯಿತು.

ನಾನು ಇಷ್ಟು ಹಟ ಹಿಡಿಯಲು ಕಾರಣ ಮಕ್ಕಳ ಕಿವಿ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳಿದ ಮಿತಿ ವಾರಕ್ಕೆ 40 ಗಂಟೆ, 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ ಮಾಡಬೇಕು. ಈ ಲೆಕ್ಕದಲ್ಲಿ 115 ಡೆಸಿಬೆಲ್‌ನಲ್ಲಿ ಕೇಳಿದ ಮಗುವಿನ ಇಡೀ ವಾರದ ಪಾಲು ಹದಿನಾಲ್ಕೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಸಾಮಾನ್ಯವಾಗಿ ಹೆಚ್ಚಿನ ಆವರ್ತನದ ಕೇಳ್ಮೆ. ಸ, ಶಗಳ ವ್ಯತ್ಯಾಸ ತಿಳಿಯುವುದು ಅಲ್ಲಿಯೇ. ಮನೆಯಲ್ಲಿ ತುಳುವೋ ಮಲಯಾಳವೋ ಮರಾಠಿಯೋ ತೆಲುಗೋ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ನಮ್ಮ ಗಡಿನಾಡಿನ ಮಕ್ಕಳಿಗೆ ಆ ಅಕ್ಷರಗಳು ಸರಿಯಾಗಿ ಕೇಳಲೇಬೇಕು.

ಶಾಲೆಯಲ್ಲಿ ಇರುವ ದುಡ್ಡು ಕಡಿಮೆ. ಅದನ್ನು ಮೊದಲು ಕಿವಿಯನ್ನು ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನಿಗೆ ಹಾಕೋಣ. ಹೊರಗಿನ ಗದ್ದಲ ತಗ್ಗಿದರೆ ವಾಲ್ಯೂಮ್ ತಾನಾಗಿ ತಗ್ಗುತ್ತದೆ. ಆಮೇಲೆ ಪಾಠವನ್ನು ಗದ್ದಲವಿಲ್ಲದ ಕೋಣೆಯಲ್ಲಿ, ಮೈಕಿನ ಹತ್ತಿರ ಕೂತು ರೆಕಾರ್ಡ್ ಮಾಡೋಣ. ರೆಕಾರ್ಡಿಂಗಿನಲ್ಲೇ ಇಲ್ಲದ ಸ್ಪಷ್ಟತೆಯನ್ನು ಯಾವ ಆಂಪ್ಲಿಫೈಯರೂ ತಂದುಕೊಡುವುದಿಲ್ಲ. ಇಷ್ಟಾದ ಮೇಲೂ ಓಮನ ಲೆಕ್ಕ ‘ಬೇಕು’ ಎಂದರೆ ಧೈರ್ಯವಾಗಿ ತರಿಸಿ. ನಿಮ್ಮ ಶಾಲೆಯಲ್ಲಿ ಪರೀಕ್ಷೆ ಮಾಡಿದರೆ ಹತ್ತರಲ್ಲಿ ಎಷ್ಟು ಬಂತು ಎಂದು ಪತ್ರಿಕೆಗೆ ಬರೆದು ಕಳಿಸಿ.