ಅಮ್ಮನ ಗಂಟಲು, ಚೀಟಿಯಲ್ಲಿ ಬಿಟ್ಟುಹೋದ ಒಂದು ಸಾಲು

ಭಾಗ 4. ಇವತ್ತು ಜಿಎಸ್‌ಟಿ ಇಲ್ಲ, ಗಂಟಲು ನೋವು. ಪೂರ್ತಿ ಓದಿ, ಪ್ಲೀಸ್.

ಅಮ್ಮ ಪ್ರೈಮರಿ ಸ್ಕೂಲ್ ಟೀಚರ್. ಎಂಟು ತಿಂಗಳು ಗಂಟಲು ಕೆರೆತ. ಬೆಳಗ್ಗೆ ಎದ್ರೆ ಧ್ವನಿನೇ ಬರ್ತಿರ್ಲಿಲ್ಲ. ಮೂರು ಸಲ ಕ್ಲಿನಿಕ್‌ಗೆ ಹೋದ್ವಿ. ಮೂರೂ ಚೀಟಿಯಲ್ಲಿ ಒಂದೇ ಮಾತು, ‘ಥ್ರೋಟ್ ಇನ್ಫೆಕ್ಷನ್’. ಮೂರು ಸಲವೂ ಆ್ಯಂಟಿಬಯಾಟಿಕ್. ಎಷ್ಟು ದಿನದಿಂದ ಅನ್ನೋದು ಎಲ್ಲೂ ಬರೆದಿರ್ಲಿಲ್ಲ.

ದೊಡ್ಡಮ್ಮನ ಮಗಳು ಬೆಂಗಳೂರಲ್ಲಿ ಮೆಡಿಕಲ್ ಕೋಡರ್. ಅಮೆರಿಕದ ಆಸ್ಪತ್ರೆ ದಾಖಲೆ ಓದಿ, ಇನ್ಶೂರೆನ್ಸ್ ಕ್ಲೇಮ್‌ಗೆ ಐಸಿಡಿ-10 ಕೋಡ್ ಹಾಕೋದು ಅವಳ ಕೆಲಸ. ತಮಾಷೆಗೆ ಅಮ್ಮನ ಚೀಟಿ ತೋರಿಸ್ದೆ.

‘ಇದಕ್ಕೆ ಜೆ 02.9. ಅಂದ್ರೆ ಈಗಷ್ಟೇ ಬಂದ ಗಂಟಲು ಉರಿಯೂತ. ಕ್ರಾನಿಕ್ ಅಂತ ಬರೆದಿದ್ರೆ ಜೆ 31.2. ಬರೀ ನೋವು ಅಂತಿದ್ರೆ ಆರ್ 07.0.’

‘ಎಂಟು ತಿಂಗಳು ಅಂತ ನಿಂಗೆ ಗೊತ್ತಲ್ಲ?’

‘ನಂಗೆ ಗೊತ್ತಿದ್ರೆ ಸಾಲ್ದು ಕಣೇ. ಡಾಕ್ಟರ್ ಬರೆದಿರ್ಬೇಕು.’

ನಮ್ಮ ಅಕೌಂಟ್ಸ್ ಥರಾನೇ. ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಆದ್ರೆ ಲೆಡ್ಜರ್ ತಪ್ಪಾದ್ರೆ ಆಮೇಲೆ ತಿದ್ದಬಹುದು. ಅಮ್ಮ ನುಂಗಿದ ಮೂರು ಕೋರ್ಸ್ ಮಾತ್ರೆನ ಹೆಂಗೆ ತಿದ್ದೋದು?

ಕೊನೆಗೆ ಇಎನ್‌ಟಿ ಡಾಕ್ಟರ್ ಹತ್ರ ಹೋದ್ವಿ. ಅವರ ಮೊದಲ ಪ್ರಶ್ನೆ: ‘ಯಾವಾಗಿಂದ?’ ಎರಡನೇದು: ‘ರಾತ್ರಿ ಊಟ ಎಷ್ಟೊತ್ತಿಗೆ?’ ಹತ್ತೂವರೆಗೆ ಊಟ, ತಕ್ಷಣ ಮಲಗೋದು. ಕ್ಯಾಮೆರಾ ಹಾಕಿ ನೋಡಿದ್ರು. ಹೊಟ್ಟೆಯ ಆಸಿಡ್ ಗಂಟಲವರೆಗೂ ಬರ್ತಿದೆ ಅಂದ್ರು. ಅಕ್ಕನ ಭಾಷೆಯಲ್ಲಿ ಅದು ಕೆ 21. ನಾವು ಉಸಿರಾಟದ ಅಧ್ಯಾಯದಲ್ಲಿ ಹುಡುಕ್ತಿದ್ವಿ, ಉತ್ತರ ಜೀರ್ಣಾಂಗದ ಅಧ್ಯಾಯದಲ್ಲಿತ್ತು.

ಡಾಕ್ಟರನ್ನ ಬೈಯೋದಷ್ಟೇ ನನ್ನ ಉದ್ದೇಶ ಅಲ್ಲ. ಹೊರಗೆ ನಲವತ್ತು ಜನ ಕಾಯ್ತಿರ್ತಾರೆ. ನಾವೂ ‘ಗಂಟಲು ನೋವು ಸಾರ್’ ಅಂದು ಸುಮ್ಮನಾಗ್ತೀವಿ. ಆದ್ರೆ ಹೆಚ್ಚಿನ ಗಂಟಲು ನೋವು ವೈರಸ್‌ದು, ಅದಕ್ಕೆ ಆ್ಯಂಟಿಬಯಾಟಿಕ್ ನಾಟೋದೇ ಇಲ್ಲ. ತಿಂಗಳುಗಟ್ಟಲೆ ಉಳಿಯೋ ನೋವಿಗೆ ಅಲರ್ಜಿ, ಧೂಳು, ಹೊಗೆ, ಆಸಿಡ್, ಕೂಗಿ ಕೂಗಿ ದಣಿದ ಧ್ವನಿ, ಏನು ಬೇಕಾದ್ರೂ ಕಾರಣ ಇರಬಹುದು. ‘ಯಾವಾಗಿಂದ’ ಅಂತ ಕೇಳದೆ ಅದು ಸಿಗಲ್ಲ.

ಅದಕ್ಕೇ ಹೇಳ್ತೀನಿ: ಹಳೇ ಚೀಟಿ ತಗೊಂಡು ಹೋಗಿ. ಎಷ್ಟು ದಿನದಿಂದ ಅಂತ ಬರೆಯೋಕೆ ಕೇಳಿ. ಕೇಳೋದು ಅಹಂಕಾರ ಅಲ್ಲ. ಧ್ವನಿ ಒಡೆದು ಮೂರ್ನಾಲ್ಕು ವಾರ ಆದ್ರೂ ಸರಿಯಾಗ್ಲಿಲ್ಲ, ನುಂಗೋಕೆ ಕಷ್ಟ, ಕತ್ತಲ್ಲಿ ಗಂಟು ಅಂದ್ರೆ ಕಷಾಯ ಕುಡ್ಕೊಂಡು ಕೂರ್ಬೇಡಿ, ಇಎನ್‌ಟಿ ಹತ್ರ ಹೋಗಿ.

ಈಗ ನಮ್ಮನೇಲಿ ಏಳೂವರೆಗೇ ಊಟ. ನಿನ್ನೆ ಹಾಜರಿ ಕೂಗಿದ್ದು ಕೊನೇ ಬೆಂಚಿಗೂ ಕೇಳಿಸ್ತಂತೆ.